ಹುಲ್ಲು, ಬಿಸಿಲು ಮತ್ತು ಊರೊಟ್ಟಿನ ಒಲೆ



ಜರ್ಮನಿಗೋ ಇಟಲಿಗೋ ದಾದಿಯರಾಗಿ, ಕನ್ಯಾಸ್ತ್ರೀಯರಾಗಿ ಹೋದ ನಮ್ಮ ಹೆಣ್ಣುಮಕ್ಕಳು ರಜೆಯಲ್ಲಿ ಊರಿಗೆ ಬಂದಾಗ ಅಲ್ಲಿನ ಚಳಿಯ ಸುದ್ದಿ ಹೇಳದೆ ಇರುವುದಿಲ್ಲ. ಹೊರಗೆ ಮೊಣಕಾಲುದ್ದ ಹಿಮ ಬಿದ್ದಿದ್ದರೂ ಮನೆಯೊಳಗೆ ತೆಳು ಬಟ್ಟೆಯಲ್ಲಿ ಓಡಾಡಬಹುದಂತೆ. ಹಾಗಾದರೆ ಬೆಂಕಿ ಎಲ್ಲಿ ಹಾಕುತ್ತಾರೆ ಎಂದು ಮನೆಯ ಹಿರಿಯರು ಕೇಳುತ್ತಾರೆ. ಮನೆಯಲ್ಲಿ ಬೆಂಕಿಯೇ ಇಲ್ಲ, ಕಿಟಕಿಯ ಕೆಳಗೆ ಗೋಡೆಗೆ ಒತ್ತಿ ಒಂದು ಕಬ್ಬಿಣದ ಹಲಗೆಯಂಥದ್ದು ಇರುತ್ತದೆ, ಅದರೊಳಗೆ ಬಿಸಿನೀರು ಹರಿಯುತ್ತಿರುತ್ತದೆ ಎಂಬ ಉತ್ತರ ಬರುತ್ತದೆ. ಆ ಬಿಸಿನೀರು ಎಲ್ಲಿಂದ ಬರುತ್ತದೆ ಎಂಬ ಪ್ರಶ್ನೆಗೆ ಮಾತ್ರ ಹೆಚ್ಚಿನವರಿಗೆ ಉತ್ತರ ಗೊತ್ತಿರುವುದಿಲ್ಲ. ಈ ಬಾರಿ ನಾವು ಅದನ್ನೇ ನೋಡೋಣ. ನಮ್ಮ ಅಂಕಣ ಕೃಷಿ ಮತ್ತು ಆರೋಗ್ಯದ್ದು. ಈ ವಿಷಯಕ್ಕೆ ಅವೆರಡರ ನಂಟೂ ಇದೆ ಎಂಬುದು ಮುಂದೆ ಓದಿದಂತೆ ತಿಳಿಯುತ್ತದೆ.

ಕೆಲವು ಮನೆಗಳಲ್ಲಿ ಆ ನೀರನ್ನು ಕಾಯಿಸುವ ಬಾಯ್ಲರ್ ನೆಲಮಾಳಿಗೆಯಲ್ಲೇ ಇರುತ್ತದೆ. ಇನ್ನು ಕೆಲವು ಊರುಗಳಲ್ಲಿ ಯಾರ ಮನೆಯಲ್ಲೂ ಬಾಯ್ಲರ್ ಇರುವುದಿಲ್ಲ. ಊರ ಹೊರಗೆ ಒಂದೇ ಒಂದು ದೊಡ್ಡ ಒಲೆ, ಅಲ್ಲಿಂದ ನೆಲದಡಿಯಲ್ಲಿ ಮನೆ ಮನೆಗೆ ಕೊಳವೆ. ಇದಕ್ಕೆ 'ಡಿಸ್ಟ್ರಿಕ್ಟ್ ಹೀಟಿಂಗ್' ಎಂದು ಹೆಸರು. ಊರೊಟ್ಟಿನ ಒಲೆ ಎಂದು ನಾವು ಕರೆಯೋಣ.

ನಮ್ಮ ಕಡೆಯ ಬಚ್ಚಲಿನ ಹಂಡೆಯನ್ನು ನೆನಪಿಸಿಕೊಂಡರೆ ಅರ್ಧ ವಿಷಯ ಅರ್ಥವಾದಂತೆ. ಸಂಜೆ ತೆಂಗಿನ ಸಿಪ್ಪೆ, ಮಡಲು, ಅಡಿಕೆ ಸಿಪ್ಪೆ ಹಾಕಿ ಒಂದು ಹಂಡೆ ನೀರು ಕಾಯಿಸಿದರೆ ಮನೆಮಂದಿಗೆಲ್ಲ ಸ್ನಾನಕ್ಕಾಗುತ್ತದೆ. ಎಂಟು ಜನರಿಗೆ ಎಂಟು ಪಾತ್ರೆಗಳಲ್ಲಿ ಬೇರೆ ಬೇರೆಯಾಗಿ ಕಾಯಿಸಿದರೆ ಕಟ್ಟಿಗೆಯೂ ಹೆಚ್ಚು, ಹೊಗೆಯೂ ಹೆಚ್ಚು. ಇದೇ ಹಂಡೆಯನ್ನು ಊರಿಗೇ ಒಂದು ಮಾಡಿದರೆ ಹೇಗೆ? ಲೆಕ್ಕ ಅಷ್ಟೇ. ವ್ಯತ್ಯಾಸವೇನೆಂದರೆ ಅಲ್ಲಿ ನೀರನ್ನು ಯಾರೂ ಮೊಗೆದು ಖಾಲಿ ಮಾಡುವುದಿಲ್ಲ. ಸುಮಾರು 70-80 ಡಿಗ್ರಿ ಸೆಂಟಿಗ್ರೇಡ್ ಬಿಸಿಯಲ್ಲಿ ಹೊರಟ ನೀರು ಮನೆಗಳಲ್ಲಿ ತನ್ನ ಶಾಖ ಬಿಟ್ಟುಕೊಟ್ಟು, 40 ಡಿಗ್ರಿಗೆ ಇಳಿದು, ಇನ್ನೊಂದು ಕೊಳವೆಯಲ್ಲಿ ಒಲೆಯ ಕಡೆಗೆ ಮರಳುತ್ತದೆ. ಅದೇ ನೀರು ಮತ್ತೆ ಕಾದು ಮತ್ತೆ ಹೊರಡುತ್ತದೆ. ಕೊಳವೆಯೂ ಸಾಮಾನ್ಯದ್ದಲ್ಲ. ಒಳಗೆ ಉಕ್ಕು, ಅದರ ಸುತ್ತ ದಪ್ಪನೆಯ ಫೋಮ್, ಹೊರಗೆ ಪ್ಲಾಸ್ಟಿಕ್ಕಿನ ಕವಚ. ಹೀಗಿದ್ದೂ ದಾರಿಯಲ್ಲಿ ಶೇಕಡಾ 20ರ ಆಸುಪಾಸಿನಷ್ಟು ಶಾಖ ಮಣ್ಣಿಗೆ ಹೋಗುತ್ತದೆ. ಮನೆಗಳು ದೂರ ದೂರ ಇದ್ದರೆ ನಷ್ಟ ಇನ್ನೂ ಹೆಚ್ಚು. ಆದ್ದರಿಂದ ನಮ್ಮಂತೆ ತೋಟಕ್ಕೊಂದು ಮನೆ ಇರುವ ಊರಿಗೆ ಇದು ಹೇಳಿಸಿದ ಏರ್ಪಾಡಲ್ಲ. ಮನೆಗಳು ಒತ್ತಾಗಿರುವ ಪೇಟೆಗೆ, ಹಳ್ಳಿಯ ನಡುಭಾಗಕ್ಕೆ ಅದು ಹೊಂದುತ್ತದೆ.

ಈ ವಿಚಾರ ಹೊಸದೇನಲ್ಲ. ಫ್ರಾನ್ಸಿನಲ್ಲಿ ಶೋದ್-ಎಗ್ ಎಂಬ ಸಣ್ಣ ಊರಿದೆ. ಹೆಸರಿನ ಅರ್ಥವೇ ಬಿಸಿನೀರು. ಅಲ್ಲಿ 82 ಡಿಗ್ರಿಯ ಬುಗ್ಗೆಯ ನೀರನ್ನು 14ನೇ ಶತಮಾನದಿಂದಲೇ ಮನೆಗಳಿಗೆ ಹಾಯಿಸುತ್ತಿದ್ದರು. ಆದರೆ ಈ ಕೆಲಸವನ್ನು ದೇಶದ ಉದ್ದಗಲಕ್ಕೆ ಹಬ್ಬಿಸಿ, ಅದಕ್ಕೆ ಹುಲ್ಲನ್ನೂ ಬಿಸಿಲನ್ನೂ ಜೋಡಿಸಿದವರೆಂದರೆ ಡೆನ್ಮಾರ್ಕಿನವರು. ಮೊದಲಿಗೆ ಅವರ ಕಥೆ.

ಡೆನ್ಮಾರ್ಕಿನ ಮೊದಲ ಊರೊಟ್ಟಿನ ಒಲೆ 1903ರಲ್ಲಿ ರಾಜಧಾನಿ ಕೋಪನ್‌ಹೇಗನ್ನಿಗೆ ಅಂಟಿಕೊಂಡಿರುವ ಫ್ರೆಡರಿಕ್ಸ್‌ಬರ್ಗ್ ಎಂಬಲ್ಲಿ ಉರಿಯಿತು. ಅಲ್ಲಿ ಉರಿಸಿದ್ದು ಕಲ್ಲಿದ್ದಲಲ್ಲ, ಪೇಟೆಯ ಕಸ. ಕಸ ಹಾಕಲು ಜಾಗವಿಲ್ಲದೆ ಅದನ್ನು ಸುಡುವ ಸ್ಥಾವರ ಕಟ್ಟಿದರು. ಅದರ ಶಾಖವನ್ನು ಸುಮ್ಮನೆ ಬಿಡುವ ಬದಲು ಹತ್ತಿರದ ಹೊಸ ಆಸ್ಪತ್ರೆಗೂ ಅನಾಥ ಮಕ್ಕಳ ಮತ್ತು ಬಡವರ ಮನೆಗಳಿಗೂ ಕೊಟ್ಟರು. ಮೊದಲ ಬೆಚ್ಚನೆ ಸಿಕ್ಕಿದ್ದು ರೋಗಿಗಳಿಗೆ, ಬಡವರಿಗೆ. ಇದು ನಮಗೆ ಬಹಳ ಹಿಡಿಸಿದ ಸಂಗತಿ.

ಆಮೇಲೆ ಎಣ್ಣೆಯ ಕಾಲ ಬಂತು. ಅರಬ್ ದೇಶಗಳ ಎಣ್ಣೆ ಅಗ್ಗವಾಗಿ ಸಿಗುತ್ತಿದ್ದಾಗ ಎಲ್ಲರೂ ಅದಕ್ಕೇ ಜೋತುಬಿದ್ದರು. 1973ರಲ್ಲಿ ಯುದ್ಧವಾಗಿ ಎಣ್ಣೆಯ ಬೆಲೆ ನಾಲ್ಕು ಪಟ್ಟು ಏರಿದಾಗ ಡೆನ್ಮಾರ್ಕಿನ ಒಟ್ಟು ಶಕ್ತಿಯ ಶೇಕಡಾ 90ಕ್ಕೂ ಹೆಚ್ಚು ಪಾಲು ಹೊರಗಿನಿಂದ ತಂದ ಎಣ್ಣೆಯದ್ದಾಗಿತ್ತು. ಭಾನುವಾರ ಕಾರು ಓಡಿಸಬಾರದೆಂದು ಸರಕಾರ ಆಜ್ಞೆ ಮಾಡಿತು. ಜನ ಖಾಲಿ ಹೆದ್ದಾರಿಯಲ್ಲಿ ಸೈಕಲ್ ತುಳಿದರು. ಚಳಿಗಾಲದಲ್ಲಿ ಮನೆ ಬೆಚ್ಚಗಿರಿಸುವುದು ಅಲ್ಲಿ ಸೌಖ್ಯದ ಮಾತಲ್ಲ, ಜೀವದ ಪ್ರಶ್ನೆ. ಮುದುಕರಿಗೂ ಎಳೆಯ ಮಕ್ಕಳಿಗೂ ತಣ್ಣನೆಯ, ತೇವದ ಕೋಣೆ ಎಂದರೆ ನ್ಯುಮೋನಿಯಾಕ್ಕೆ ಬಾಗಿಲು ತೆರೆದಂತೆ. ಆ ಪೆಟ್ಟಿನಿಂದ ಪಾಠ ಕಲಿತು 1979ರಲ್ಲಿ ಅವರು ಶಾಖ ಪೂರೈಕೆಗೆಂದೇ ಒಂದು ಕಾನೂನು ಮಾಡಿದರು. ಯಾವ ಊರಿಗೆ ಯಾವ ಬಗೆಯ ಶಾಖ ಎಂಬುದನ್ನು ಸ್ಥಳೀಯ ಆಡಳಿತಗಳು ಯೋಜನೆ ಹಾಕಿ ತೀರ್ಮಾನಿಸಬೇಕಾಯಿತು. ಈಗ ಅಲ್ಲಿನ ಮೂರರಲ್ಲಿ ಎರಡು ಪಾಲು ಮನೆಗಳಿಗೆ ಕೊಳವೆಯಿಂದಲೇ ಬಿಸಿ ಬರುತ್ತದೆ.

ಇನ್ನು ಹುಲ್ಲಿನ ವಿಷಯ. ಕೃಷಿಕರಾದ ಓದುಗರಿಗೆ ಇದು ಮುಖ್ಯ.

ಡೆನ್ಮಾರ್ಕ್ ಗೋಧಿ, ಬಾರ್ಲಿ ಬೆಳೆಯುವ ದೇಶ. ಕೊಯ್ಲು ಮುಗಿದ ಮೇಲೆ ದನಗಳ ಹಾಸಿಗೆಗೂ ಮೇವಿಗೂ ಬೇಕಾದದ್ದು ಹೋಗಿ ಹುಲ್ಲು ಮಿಗುತ್ತಿತ್ತು. ಮಿಕ್ಕದ್ದನ್ನು ಗದ್ದೆಯಲ್ಲೇ ಸುಡುತ್ತಿದ್ದರು. ಪಂಜಾಬಿನಲ್ಲಿ ಕೂಳೆ ಸುಟ್ಟು ದೆಹಲಿಗೆ ಹೊಗೆ ಮುಸುಕುವುದನ್ನು ನಾವು ಪ್ರತಿ ವರ್ಷ ಪತ್ರಿಕೆಗಳಲ್ಲಿ ಓದುತ್ತೇವಲ್ಲ, ಅದೇ ಬಗೆ. 1990ರ ಸುಮಾರಿಗೆ ಅಲ್ಲಿನ ಸರಕಾರ ಗದ್ದೆಯಲ್ಲಿ ಹುಲ್ಲು ಸುಡುವುದನ್ನು ನಿಷೇಧಿಸಿತು. ಆದರೆ ಬರೀ ನಿಷೇಧ ಹಾಕಿ ಕೈಕಟ್ಟಿ ಕುಳಿತುಕೊಳ್ಳಲಿಲ್ಲ. ಅಷ್ಟರಲ್ಲಾಗಲೇ ಹಳ್ಳಿಗಳಲ್ಲಿ ಹುಲ್ಲು ಉರಿಸುವ ಊರೊಟ್ಟಿನ ಒಲೆಗಳು ಎದ್ದಿದ್ದವು. ಸುಟ್ಟು ಕಳೆಯುತ್ತಿದ್ದ ಹುಲ್ಲಿಗೆ ಕೊಳ್ಳುವವರು ಹುಟ್ಟಿಕೊಂಡರು. ರೈತನಿಗೆ ಸುಡಬೇಡ ಎಂದು ಹೇಳುವವರು ಮಾರುವ ದಾರಿಯನ್ನೂ ತೋರಿಸಬೇಕು. ನಮ್ಮಲ್ಲಿ ಈ ಎರಡನೆಯ ಅರ್ಧ ಹೆಚ್ಚಾಗಿ ಮರೆತೇ ಹೋಗುತ್ತದೆ.

ಹುಲ್ಲಿನಲ್ಲಿ ಶಾಖವೆಷ್ಟು? ಚೆನ್ನಾಗಿ ಒಣಗಿದ ಒಂದು ಕಿಲೋ ಹುಲ್ಲಿನಲ್ಲಿ ಸುಮಾರು 4 ಯೂನಿಟ್ ವಿದ್ಯುತ್ತಿಗೆ ಸಮನಾದ ಶಾಖವಿದೆ. ಒಂದು ಲೀಟರ್ ಡೀಸೆಲಿನಲ್ಲಿ ಸುಮಾರು 10. ಎಂದರೆ ಎರಡೂವರೆ ಕಿಲೋ ಹುಲ್ಲು ಒಂದು ಲೀಟರ್ ಎಣ್ಣೆಗೆ ಸಮ. ಅಲ್ಲಿ ಯಂತ್ರ ಕಟ್ಟುವ ದೊಡ್ಡ ಹುಲ್ಲಿನ ಕಟ್ಟು 500 ಕಿಲೋ ತೂಗುತ್ತದೆ. ಒಂದೊಂದು ಕಟ್ಟೂ 200 ಲೀಟರ್ ಎಣ್ಣೆಯ ಒಂದು ಪೀಪಾಯಿ ಇದ್ದ ಹಾಗೆ. ಗದ್ದೆಯಲ್ಲಿ ಸಾಲಾಗಿ ಬಿದ್ದ ಅಂಥ ಕಟ್ಟುಗಳನ್ನು ಕಂಡಾಗ ಅಲ್ಲಿನ ರೈತ ಎಣ್ಣೆಯ ಪೀಪಾಯಿಗಳನ್ನೇ ಎಣಿಸಬಹುದು.

ಆದರೆ ಹುಲ್ಲು ಸುಲಭದ ಸೌದೆಯಲ್ಲ. ಒದ್ದೆ ಹುಲ್ಲು ಹೊಗೆಯುಗುಳುತ್ತದೆ, ಉರಿಯುವುದಿಲ್ಲ. ತೇವಾಂಶ ಶೇಕಡಾ 20 ದಾಟಬಾರದು. ಲಾರಿ ಬಂದೊಡನೆ ತೂಕ ಮಾಡಿ, ತೇವ ಅಳೆದು, ಹೆಚ್ಚಿದ್ದರೆ ವಾಪಸು ಕಳಿಸುತ್ತಾರೆ. ಇನ್ನೊಂದು ತೊಂದರೆ ಹುಲ್ಲಿನೊಳಗಿರುವ ಪೊಟಾಷ್ ಮತ್ತು ಕ್ಲೋರಿನ್. ಇವುಗಳಿಂದ ಬೂದಿ ಕರಗಿ ಗಟ್ಟಿ ಕಿಟ್ಟವಾಗುತ್ತದೆ, ಬಾಯ್ಲರಿನ ಕಬ್ಬಿಣವೂ ಸವೆಯುತ್ತದೆ. ಇಲ್ಲಿ ಒಂದು ಸೋಜಿಗ ನೋಡಿ. ಕೊಯ್ದ ಹುಲ್ಲು ಗದ್ದೆಯಲ್ಲಿದ್ದಾಗ ಒಂದೆರಡು ಮಳೆ ಬಿದ್ದರೆ ಈ ಲವಣಗಳು ತೊಳೆದು ಹೋಗುತ್ತವೆ. ಹುಲ್ಲಿನ ಹೊಂಬಣ್ಣ ಮಾಸಿ ಬೂದು ಬಣ್ಣ ಬರುತ್ತದೆ. ದನದ ಮೇವಿಗೆ ಮಳೆಯಲ್ಲಿ ನೆನೆದ ಹುಲ್ಲು ಯಾರಿಗೂ ಬೇಡ. ಒಲೆಗೆ ಮಾತ್ರ, ಮತ್ತೆ ಒಣಗಿದ ಮೇಲೆ, ಅದೇ ಒಳ್ಳೆಯದು! ಮಳೆ ಬಂದು ಹುಲ್ಲು ಕೆಟ್ಟಿತೆಂದು ಗೊಣಗಿದ ರೈತನಿಗೆ ಒಲೆಯವರು ಬಂದು ಅದನ್ನೇ ಕೇಳುವಂಥ ಸಂದರ್ಭ.

ಉರಿದ ಮೇಲೆ ಹುಲ್ಲಿನ ತೂಕದ ಶೇಕಡಾ 4-5ರಷ್ಟು ಬೂದಿ ಉಳಿಯುತ್ತದೆ. ಒಲೆಯ ತಳದಲ್ಲಿ ಬೀಳುವ ಬೂದಿಯನ್ನು ರೈತರು ಗದ್ದೆಗೆ ಕೊಂಡೊಯ್ಯುತ್ತಾರೆ. ಅದರಲ್ಲಿ ಪೊಟಾಷ್ ಹೇರಳ. ನಮ್ಮ ಅಜ್ಜಂದಿರು ಬಚ್ಚಲ ಒಲೆಯ ಬೂದಿಯನ್ನು ತೆಂಗಿನ ಬುಡಕ್ಕೆ ಹಾಕುತ್ತಿದ್ದುದೂ ಇದೇ ಕಾರಣಕ್ಕೆ. ಹೊಗೆಯ ಜೊತೆ ಹಾರಿ ಸೋಸುಗದಲ್ಲಿ ಸಿಕ್ಕಿಕೊಳ್ಳುವ ನಯವಾದ ಬೂದಿಯ ಕಥೆ ಬೇರೆ. ಕ್ಯಾಡ್ಮಿಯಂ ಎಂಬ ವಿಷಲೋಹ ಅದರಲ್ಲಿ ಹೆಚ್ಚಾಗಿ ಸೇರುತ್ತದೆ. ಅದನ್ನು ಗದ್ದೆಗೆ ಹಾಕುವುದಕ್ಕೆ ಕಟ್ಟುನಿಟ್ಟಿನ ನಿಯಮಗಳಿವೆ. ಮಣ್ಣಿಗೂ ಸ್ವಲ್ಪ ಹುಲ್ಲು ಉಳಿಯಬೇಕು ಎಂಬುದನ್ನು ಮರೆಯಬಾರದು. ಗದ್ದೆಯಿಂದ ವರ್ಷವರ್ಷವೂ ಪೂರ್ತಿ ಹುಲ್ಲನ್ನು ಎತ್ತಿಕೊಂಡು ಹೋದರೆ ಮಣ್ಣಿನ ಜೀವಾಂಶ ಕುಗ್ಗುತ್ತದೆ. ಎಣ್ಣೆ ಉಳಿಸಲು ಹೋಗಿ ಮಣ್ಣನ್ನು ಕಳೆದುಕೊಳ್ಳಬಾರದಷ್ಟೆ.

ಸಂಸೂ ಎಂಬ ದ್ವೀಪ ಈ ಕೆಲಸಕ್ಕೆ ಹೆಸರಾಗಿದೆ. ನಾಲ್ಕು ಸಾವಿರದೊಳಗೆ ಜನ. 1997ರಲ್ಲಿ ಸರಕಾರ ಒಂದು ಸ್ಪರ್ಧೆ ನಡೆಸಿತು. ತಮ್ಮ ಶಕ್ತಿಯನ್ನೆಲ್ಲ ಗಾಳಿ, ಬಿಸಿಲು, ಬೆಳೆಗಳಿಂದಲೇ ಪಡೆಯುವ ಯೋಜನೆ ಯಾವ ದ್ವೀಪದ್ದು ಚೆನ್ನಾಗಿದೆ ಎಂದು. ಗೆದ್ದದ್ದು ಸಂಸೂ. ಮುಂದಿನ ವರ್ಷಗಳಲ್ಲಿ ಅಲ್ಲಿ ಮೂರು ಹುಲ್ಲಿನ ಒಲೆಗಳೂ, ಮರದ ಚೂರು ಮತ್ತು ಬಿಸಿಲು ಎರಡನ್ನೂ ಬಳಸುವ ಒಂದು ಸ್ಥಾವರವೂ ನಡೆದವು. ಈ ನಾಲ್ಕನೆಯದ್ದು ನೂರ್ಬು ಮತ್ತು ಮೋರೂಪ್ ಎಂಬ ಎರಡು ಹಳ್ಳಿಗಳದ್ದು. 2,500 ಚದರ ಮೀಟರ್ ಸೌರಫಲಕ ಅಲ್ಲಿದೆ. ಫಲಕಗಳ ನಡುವಿನ ಹುಲ್ಲು ಮೇಯಲು ಕುರಿಗಳನ್ನು ಬಿಡುತ್ತಾರೆ. ಕೆಲಸ ಆರಂಭವಾಗುವ ಮೊದಲೇ ಸೇರಿದವರಿಂದ ನಾಮಮಾತ್ರದ ಶುಲ್ಕ, ತಡಮಾಡಿ ಸೇರಿದವರಿಗೆ ಪೂರಾ ಖರ್ಚು. ಹಳ್ಳಿಯ ಮನಸ್ಸು ಬಲ್ಲ ಯಾರೋ ಮಾಡಿದ ಉಪಾಯವಿದು ಎಂದು ನಮಗನಿಸುತ್ತದೆ. ಅಲ್ಲಿ ಜನರನ್ನು ಒಟ್ಟುಗೂಡಿಸುವ ಕೆಲಸ ಮಾಡಿದವರಲ್ಲಿ ಮುಖ್ಯರು ಅದೇ ದ್ವೀಪದ ರೈತ ಮನೆತನದ ಸೋರೆನ್ ಹರ್ಮನ್‌ಸೆನ್. ಸಭೆ ಸಭೆಗೆ ಹೋಗಿ, ಕಾಫಿ ಕುಡಿಯುತ್ತ ಮಾತನಾಡಿದ್ದೇ ತಮ್ಮ ಕೆಲಸದ ಹೆಚ್ಚಿನ ಭಾಗ ಎನ್ನುವಂಥವರು ಅವರು.

ಬಿಸಿಲಿನ ಕಥೆ ಇನ್ನೂ ವಿಚಿತ್ರ. ನಮ್ಮಲ್ಲಿ ಬಿಸಿಲಿಗೇನು ಬರ. ಡೆನ್ಮಾರ್ಕಿನಲ್ಲಿ ಡಿಸೆಂಬರ್ ತಿಂಗಳಲ್ಲಿ ಹಗಲು ಎಂದರೆ ಏಳು ತಾಸು, ಅದೂ ಮೋಡ ಮುಸುಕಿದ್ದು. ಬೆಚ್ಚನೆ ಬೇಕಾದಾಗ ಬಿಸಿಲಿಲ್ಲ, ಬಿಸಿಲಿದ್ದಾಗ ಬೆಚ್ಚನೆ ಬೇಡ. ಹೀಗಿರುವಾಗ ಸೌರಶಕ್ತಿಯಿಂದ ಚಳಿಗಾಲದಲ್ಲಿ ಮನೆ ಬೆಚ್ಚಗಿಡುವುದೆಂದರೆ ಹುಚ್ಚು ಮಾತು ಎಂದು ತೋರಬಹುದು. ಐರೂ ಎಂಬ ದ್ವೀಪದ ಮಾರ್ಸ್ಟಲ್ ಪೇಟೆಯವರು ಆ ಹುಚ್ಚು ಮಾತನ್ನೇ ಹಿಡಿದುಕೊಂಡರು. ಹಿಂದೆ ಹಾಯಿ ಹಡಗುಗಳಿಗೆ ಹೆಸರಾದ, ಎರಡು ಸಾವಿರದಷ್ಟು ಜನರ ಸಣ್ಣ ಪೇಟೆ ಅದು. 1996ರಲ್ಲಿ ಅವರು 8,000 ಚದರ ಮೀಟರ್ ಸೌರಫಲಕ ಹಾಕಿದರು. ಇವು ವಿದ್ಯುತ್ತಿನ ಫಲಕಗಳಲ್ಲ. ನಮ್ಮ ಮನೆಗಳ ತಾರಸಿಯ ಮೇಲಿನ ಸೋಲಾರ್ ಹೀಟರಿನಂತೆ ನೀರು ಕಾಯಿಸುವ, ಗಾಜು ಹೊದಿಸಿದ ಕಪ್ಪು ಫಲಕಗಳು. 2003ರ ಹೊತ್ತಿಗೆ ಅದನ್ನು 18,300 ಚದರ ಮೀಟರಿಗೆ, 2012ರಲ್ಲಿ 33,300 ಚದರ ಮೀಟರಿಗೆ ಏರಿಸಿದರು. ಗಾಜೇ 8 ಎಕರೆಗೂ ಮೀರಿ. ಚಳಿಗೆ ಹೆಪ್ಪುಗಟ್ಟದಂತೆ ಫಲಕದೊಳಗಿನ ನೀರಿಗೆ ಗ್ಲೈಕಾಲ್ ಎಂಬ ದ್ರವ ಬೆರೆಸುತ್ತಾರೆ. ಅಷ್ಟು ಬಡ ಬಿಸಿಲಿನಲ್ಲೂ ಒಂದು ಚದರ ಮೀಟರ್ ಫಲಕ ವರ್ಷಕ್ಕೆ 400 ಯೂನಿಟ್ಟಿನಷ್ಟು ಶಾಖ ಕೊಡುತ್ತದೆ.

ಆದರೆ ಅದೆಲ್ಲ ಬೇಸಿಗೆಯಲ್ಲಿ. ಅದನ್ನು ಚಳಿಗಾಲಕ್ಕೆ ಉಳಿಸಬೇಕು. ನಮ್ಮವರು ಮಳೆಗಾಲಕ್ಕೆಂದು ಸೌದೆ ಒಣಗಿಸಿ ಕೊಟ್ಟಿಗೆಯಲ್ಲಿ ಪೇರಿಸಿಡುವುದಿಲ್ಲವೇ? ಮಾರ್ಸ್ಟಲಿನವರು ಬಿಸಿಲನ್ನೇ ಹಾಗೆ ಪೇರಿಸಿಟ್ಟರು. ನೆಲದಲ್ಲಿ ಒಂದು ದೊಡ್ಡ ಕೆರೆಯಂಥ ಹೊಂಡ ತೋಡಿದರು. ತೋಡಿದ ಮಣ್ಣನ್ನೇ ಸುತ್ತ ದಂಡೆಯಾಗಿ ಏರಿಸಿದರು. ತಳಕ್ಕೂ ಇಳಿಜಾರಿಗೂ ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಿದರು. ನಮ್ಮ ಕಡೆ ಅಡಿಕೆ ತೋಟಕ್ಕೆ ನೀರು ಕೂಡಿಡಲು ಹಾಳೆ ಹಾಸಿದ ಹೊಂಡ ಮಾಡುತ್ತಾರಲ್ಲ, ನೋಡಲು ಹಾಗೇ. 75,000 ಘನ ಮೀಟರ್ ನೀರು ತುಂಬಿದರು. ಲೀಟರಿನಲ್ಲಿ ಹೇಳಿದರೆ ಏಳೂವರೆ ಕೋಟಿ. ಮೇಲೆ ಶಾಖ ಹೋಗದಂತೆ ತೇಲುವ ದಪ್ಪನೆಯ ಮುಚ್ಚಳ. ಬೇಸಿಗೆಯುದ್ದಕ್ಕೂ ಫಲಕಗಳ ಬಿಸಿ ಈ ಹೊಂಡಕ್ಕೆ ಇಳಿಯುತ್ತದೆ. ಬೇಸಿಗೆ ಮುಗಿಯುವ ಹೊತ್ತಿಗೆ ಮೇಲ್ಭಾಗದ ನೀರು 80 ಡಿಗ್ರಿ ದಾಟಿರುತ್ತದೆ. ಬಿಸಿನೀರು ಹಗುರವಾದ್ದರಿಂದ ಮೇಲೆ, ತಣ್ಣನೆಯದು ಕೆಳಗೆ. ಚಳಿಗಾಲದಲ್ಲಿ ಮೇಲಿನಿಂದ ತೆಗೆದು ಊರಿಗೆ ಕಳಿಸುತ್ತಾರೆ.

ಅಷ್ಟು ತಿಂಗಳು ನೀರು ತಣಿಯದೆ ಹೇಗಿರುತ್ತದೆ ಎಂಬ ಸಂಶಯ ಸಹಜ. ಚೊಂಬಿನಲ್ಲಿಟ್ಟ ಬಿಸಿನೀರು ಅರ್ಧ ತಾಸಿನಲ್ಲಿ ತಣಿಯುತ್ತದೆ, ಹಂಡೆಯದ್ದು ಬೆಳಗಿನವರೆಗೂ ಬೆಚ್ಚಗಿರುತ್ತದೆ. ಕಾರಣ ಸರಳವಾಗಿದೆ. ಪಾತ್ರೆಯ ಉದ್ದ, ಅಗಲ, ಎತ್ತರ ಮೂರನ್ನೂ ಎರಡು ಪಟ್ಟು ಮಾಡಿದರೆ ಒಳಗಿನ ನೀರು ಎಂಟು ಪಟ್ಟಾಗುತ್ತದೆ, ಶಾಖ ಸೋರುವ ಮೈ ಮಾತ್ರ ನಾಲ್ಕೇ ಪಟ್ಟು. ಪಾತ್ರೆ ದೊಡ್ಡದಾದಷ್ಟೂ ನಷ್ಟದ ಪಾಲು ಕಿರಿದಾಗುತ್ತ ಹೋಗುತ್ತದೆ. ಮನೆಗೊಂದು ಸಣ್ಣ ಟ್ಯಾಂಕಿಯಲ್ಲಿ ಬೇಸಿಗೆಯನ್ನು ಚಳಿಗಾಲಕ್ಕೆ ಉಳಿಸಲಾಗದು, ಊರಿಗೊಂದು ಹೊಂಡದಲ್ಲಿ ಸಾಧ್ಯ. ಊರೊಟ್ಟಿನ ಒಲೆಗೆ ಇದಕ್ಕಿಂತ ಬಲವಾದ ವಾದ ಇನ್ನೊಂದಿಲ್ಲ ಎಂದು ನಮ್ಮ ಅಭಿಪ್ರಾಯ.

ಎಲ್ಲವೂ ಸಲೀಸಾಗಿ ನಡೆಯಿತೆಂದು ಹೇಳಿದರೆ ತಪ್ಪಾದೀತು. ಇಂಥ ಹೊಂಡಗಳಲ್ಲಿ ತಲೆನೋವಾದದ್ದು ಮುಚ್ಚಳ. ಮಳೆನೀರು ಅದರ ಮೇಲೆ ನಿಲ್ಲುತ್ತದೆ, ಬಿಸಿ ಆವಿ ಒಳಗಿನಿಂದ ನುಗ್ಗಿ ಹೊದಿಕೆಯನ್ನು ಒದ್ದೆ ಮಾಡುತ್ತದೆ. ಒದ್ದೆ ಕಂಬಳಿ ಹೊದ್ದರೆ ಚಳಿ ನಿಲ್ಲುತ್ತದೆಯೇ? ಮುಚ್ಚಳಗಳನ್ನು ತೆಗೆದು ಹೊಸ ಬಗೆಯವನ್ನು ಹಾಕಬೇಕಾಯಿತು. ಬಿಸಿಲು ಮಾರ್ಸ್ಟಲಿನ ವರ್ಷದ ಬೇಡಿಕೆಯ ಅರ್ಧದ ಸುಮಾರಿಗೆ ಮಾತ್ರ ಸಾಕಾಗುತ್ತದೆ. ಉಳಿದದ್ದಕ್ಕೆ ಮರದ ಚೂರು ಉರಿಸುವ ಬಾಯ್ಲರ್ ಮತ್ತು ಹೀಟ್ ಪಂಪ್. ಆದರೂ ದಾರಿ ತೆರೆಯಿತು. 2015ರಲ್ಲಿ ವೋಯೆನ್ಸ್ ಎಂಬ ಊರಿನವರು ಎರಡು ಲಕ್ಷ ಘನ ಮೀಟರಿನ ಹೊಂಡ ಮಾಡಿದರು. 2016ರಲ್ಲಿ ಸಿಲ್ಕೆಬೋರ್ಗ್ ಪೇಟೆಯಲ್ಲಿ ಒಂದೂವರೆ ಲಕ್ಷ ಚದರ ಮೀಟರಿಗೂ ಹೆಚ್ಚು ಫಲಕ ಎದ್ದಿತು.

ಹೀಟ್ ಪಂಪ್ ಎಂದೆವಲ್ಲ, ಅದೇನೂ ಗಹನವಲ್ಲ. ಮನೆಯ ಫ್ರಿಜ್ಜಿನ ಹಿಂಭಾಗ ಮುಟ್ಟಿ ನೋಡಿ, ಬಿಸಿಯಾಗಿರುತ್ತದೆ. ಒಳಗಿನ ತರಕಾರಿ, ಮೀನಿನಿಂದ ಶಾಖ ಕಿತ್ತು ಹೊರಗೆ ಹಾಕುವುದೇ ಫ್ರಿಜ್ಜಿನ ಕೆಲಸ. ಅದೇ ಯಂತ್ರವನ್ನು ದೊಡ್ಡದು ಮಾಡಿ, ತರಕಾರಿಯ ಜಾಗದಲ್ಲಿ ಸಮುದ್ರದ ನೀರನ್ನಿಟ್ಟರೆ ಸಮುದ್ರದ ಶಾಖ ಊರಿನ ಕೊಳವೆಗೆ ಬರುತ್ತದೆ. ಡೆನ್ಮಾರ್ಕಿನ ಪಶ್ಚಿಮ ಕರಾವಳಿಯ ಎಸ್ಬ್ಯೆರ್ ಬಂದರಿನಲ್ಲಿ 2024ರಲ್ಲಿ ಕಲ್ಲಿದ್ದಲಿನ ಸ್ಥಾವರವನ್ನು ಮುಚ್ಚಿದರು. ಅದರ ಬದಲಿಗೆ ಬಂದವುಗಳಲ್ಲಿ ಸಮುದ್ರದ ನೀರಿನ 70 ಮೆಗಾವಾಟ್ ಹೀಟ್ ಪಂಪೂ ಒಂದು. ಗಾಳಿ ಜೋರಾಗಿ ಬೀಸಿ ವಿದ್ಯುತ್ತು ಅಗ್ಗವಾದಾಗ ಇಂಥವನ್ನು ಹೆಚ್ಚು ಓಡಿಸಬಹುದು.

ಮರದ ಬಗ್ಗೆ ಒಂದು ಎಚ್ಚರಿಕೆ. ಹುಲ್ಲು ವರ್ಷಕ್ಕೊಮ್ಮೆ ಬರುತ್ತದೆ, ಮರ ಬೆಳೆಯಲು ನಲ್ವತ್ತು ಐವತ್ತು ವರ್ಷ ಬೇಕು. ಯುರೋಪಿನ ಅನೇಕ ಊರೊಟ್ಟಿನ ಒಲೆಗಳು ಈಗ ದೂರದ ದೇಶಗಳಿಂದ ತರಿಸಿದ ಮರದ ಗುಳಿಗೆಗಳನ್ನು ಉರಿಸುತ್ತವೆ. ಲೆಕ್ಕದ ಪುಸ್ತಕದಲ್ಲಿ ಅದೂ ನವೀಕರಿಸಬಹುದಾದ ಶಕ್ತಿಯೇ. ಗರಗಸದ ಮಿಲ್ಲಿನ ಹೊಟ್ಟು, ಕೊಂಬೆ ಕಡ್ಡಿ ಆದರೆ ಸರಿ. ನಿಂತ ಕಾಡನ್ನೇ ಕಡಿದು ಹಡಗಿನಲ್ಲಿ ಸಾಗಿಸಿದರೆ ಅದನ್ನು ಒಳ್ಳೆಯ ಕೆಲಸವೆಂದು ನಾವು ಒಪ್ಪಲಾರೆವು.

ಐಸ್‌ಲ್ಯಾಂಡಿನವರಿಗೆ ಒಲೆಯನ್ನು ದೇವರೇ ನೆಲದಡಿ ಹಚ್ಚಿಟ್ಟಿದ್ದಾನೆ. ರಾಜಧಾನಿ ರೇಕ್ಯಾವಿಕ್‌ನ ಹೆಂಗಸರು ಹಿಂದೆ ಪೇಟೆಯಿಂದ ಮೂರು ಕಿಲೋಮೀಟರ್ ದೂರದ ಬಿಸಿನೀರ ಬುಗ್ಗೆಗೆ ಬಟ್ಟೆ ಹೊತ್ತುಕೊಂಡು ಒಗೆಯಲು ಹೋಗುತ್ತಿದ್ದರು. ಪೇಟೆಯ ಮೇಲೆ ಮಾತ್ರ ಕಲ್ಲಿದ್ದಲಿನ ಹೊಗೆ. 1930ರಲ್ಲಿ ಆ ಬುಗ್ಗೆಯ ಬಳಿಯ ನೀರನ್ನು ಕೊಳವೆಯಲ್ಲಿ ತಂದು ಒಂದು ಶಾಲೆ, ಆಸ್ಪತ್ರೆ, ಈಜುಕೊಳ ಮತ್ತು ಅರವತ್ತು ಎಪ್ಪತ್ತು ಮನೆಗಳಿಗೆ ಕೊಟ್ಟರು. ಅಲ್ಲಿನ ನಮ್ಮ ಕಥೋಲಿಕ ಇಗರ್ಜಿ ಪ್ರತಿಷ್ಠೆಯಾದದ್ದು ಅದರ ಹಿಂದಿನ ವರ್ಷ, 1929ರಲ್ಲಿ. ಈಗ ಆ ದೇಶದ ಹತ್ತರಲ್ಲಿ ಒಂಬತ್ತು ಮನೆಗಳಿಗೆ ನೆಲದಡಿಯ ಶಾಖವೇ ಆಧಾರ. ನಮ್ಮ ಪುತ್ತೂರಿನ ಹತ್ತಿರ ಇರ್ದೆಯಲ್ಲಿ ಬೆಂದ್ರು ತೀರ್ಥವಿದೆ. ಅದು ಕೈಗೆ ಬೆಚ್ಚಗೆನಿಸುವಷ್ಟರದ್ದು, ಅದರಿಂದ ಊರು ಕಾಯಿಸುವ ಮಾತಿಲ್ಲ!

ಆದರೆ ಎಲ್ಲರೂ ಒಂದೇ ಕೊಳವೆಗೆ ಜೋತುಬಿದ್ದರೆ ಏನಾಗಬಹುದು ಎಂಬುದನ್ನೂ ಐಸ್‌ಲ್ಯಾಂಡೇ ತೋರಿಸಿತು. 2024ರ ಫೆಬ್ರವರಿ 8ರಂದು ಜ್ವಾಲಾಮುಖಿಯ ಲಾವಾ ಹರಿದು ಸ್ವಾರ್ತ್‌ಸೆಂಗಿ ಸ್ಥಾವರದಿಂದ ಹೊರಡುವ ಬಿಸಿನೀರಿನ ಕೊಳವೆಯನ್ನು ತುಂಡರಿಸಿತು. ಕಡುಚಳಿಯಲ್ಲಿ ಇಪ್ಪತ್ತು ಸಾವಿರಕ್ಕೂ ಹೆಚ್ಚು ಜನರ ಮನೆಗೆ ಕೆಲವು ದಿನ ಬಿಸಿನೀರಿಲ್ಲ. ಎಲ್ಲರೂ ವಿದ್ಯುತ್ ಹೀಟರ್ ಹಚ್ಚಿದರೆ ತಂತಿಗಳು ತಾಳವೆಂದು, ಮಿತವಾಗಿ ಬಳಸಿ ಎಂದು ಅಧಿಕಾರಿಗಳು ಬೇಡಿಕೊಳ್ಳಬೇಕಾಯಿತು. ಒಂದು ಕೊಳವೆಗೆ ಬದಲಿ ಕೊಳವೆ, ಒಂದು ಒಲೆಗೆ ಬದಲಿ ಒಲೆ ಇರಲೇಬೇಕು. ಡೆನ್ಮಾರ್ಕಿನ ಹುಲ್ಲಿನ ಒಲೆಗಳ ಪಕ್ಕದಲ್ಲೂ ತುರ್ತಿಗೆಂದು ಒಂದು ಎಣ್ಣೆಯ ಬಾಯ್ಲರ್ ಇರುವುದು ವಾಡಿಕೆ.

ಇನ್ನು ಯಜಮಾನಿಕೆಯ ಪ್ರಶ್ನೆ. ಊರಿಗೆಲ್ಲ ಒಂದೇ ಒಲೆಯಾದರೆ ಅದರ ಧಣಿ ಕೇಳಿದಷ್ಟು ಕೊಡಬೇಕಾಗುತ್ತದೆ, ಬೇರೆ ದಾರಿಯಿಲ್ಲ. ಕೊಳವೆ ಒಂದೇ ಅಲ್ಲವೇ? ಡೆನ್ಮಾರ್ಕಿನವರು ಇದಕ್ಕೆ ಎರಡು ಬೀಗ ಹಾಕಿದ್ದಾರೆ. ಶಾಖ ಮಾರುವ ಸಂಸ್ಥೆ ತನ್ನ ಅಗತ್ಯ ಖರ್ಚಿನಷ್ಟೇ ವಸೂಲು ಮಾಡಬೇಕು, ಲಾಭ ಹೊಡೆಯಬಾರದು ಎಂಬುದು ಕಾನೂನಿನ ಬೀಗ. ಸಣ್ಣ ಊರುಗಳಲ್ಲಿ ಒಲೆ ಬಳಕೆದಾರರದ್ದೇ ಸಹಕಾರ ಸಂಘದ ಸ್ವತ್ತು ಎಂಬುದು ಎರಡನೆಯದು. ವರ್ಷಕ್ಕೊಮ್ಮೆ ಮಹಾಸಭೆ, ಲೆಕ್ಕಪತ್ರ, ಆಡಳಿತ ಮಂಡಳಿಯ ಚುನಾವಣೆ. ನಮ್ಮ ಹಾಲಿನ ಸೊಸೈಟಿಯ ಸದಸ್ಯರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅವರಿಗೂ ಆ ಅಭ್ಯಾಸ ಬಂದದ್ದು ಹಾಲಿನಿಂದಲೇ. ಯೆದಿಂಗ್ ಎಂಬ ಹಳ್ಳಿಯಲ್ಲಿ 1882ರಲ್ಲೇ ರೈತರು ಸಹಕಾರಿ ಡೈರಿ ಕಟ್ಟಿದ್ದರು. ನೂರು ವರ್ಷ ಒಟ್ಟಿಗೆ ಹಾಲು ಅಳೆದವರಿಗೆ ಒಟ್ಟಿಗೆ ಶಾಖ ಅಳೆಯುವುದು ಕಷ್ಟವಾಗಲಿಲ್ಲ. ದಿವಂಗತ ಪೋಪ್ ಫ್ರಾನ್ಸಿಸರು 2015ರ 'ಲೌದಾತೊ ಸಿ' ಪರಿಪತ್ರದಲ್ಲಿ, ನವೀಕರಿಸಬಹುದಾದ ಶಕ್ತಿಯನ್ನು ಸ್ಥಳೀಯರೇ ಸಹಕಾರ ಸಂಘ ಕಟ್ಟಿ ಬಳಸುತ್ತಿರುವ ಊರುಗಳನ್ನು ಮೆಚ್ಚಿ ಪ್ರಸ್ತಾಪಿಸಿದ್ದಾರೆ.

ಸಹಕಾರ ಸಂಘವಾದ ಮಾತ್ರಕ್ಕೆ ನಷ್ಟವಾಗದೆಂದಲ್ಲ. 1990ರ ದಶಕದಲ್ಲಿ ಡೆನ್ಮಾರ್ಕಿನ ಕೆಲವು ಚಿಕ್ಕ ಊರುಗಳಲ್ಲಿ ನೈಸರ್ಗಿಕ ಅನಿಲ ಉರಿಸುವ ಸ್ಥಾವರ ಕಟ್ಟಿದರು. ಮನೆಗಳು ಕಡಿಮೆ, ಕೊಳವೆ ಉದ್ದ, ಸಾಲ ಭಾರ. ಶಾಖದ ಬಿಲ್ಲು ಏರಿ ಜನ ಬಳಲಿದರು. ಒಮ್ಮೆ ನೆಲದಲ್ಲಿ ಹೂತ ಕೊಳವೆಯನ್ನು ಅಗೆದು ಮಾರುವ ಹಾಗಿಲ್ಲ. ಮೂವತ್ತು ನಲ್ವತ್ತು ವರ್ಷದ ಲೆಕ್ಕ ಮೊದಲೇ ಹಾಕಿಕೊಳ್ಳಬೇಕಾದ ಕೆಲಸ ಇದು.

ಆರೋಗ್ಯದ ಮಾತಿಗೆ ಬರೋಣ. ಸಂತ ಎರಡನೆಯ ಜಾನ್ ಪಾಲರು ಮಹಾಧರ್ಮಾಧ್ಯಕ್ಷರಾಗಿದ್ದ ಪೋಲೆಂಡಿನ ಕ್ರಾಕೋವ್ ನಗರ ಚಳಿಗಾಲದ ಹೊಗೆಗೆ ಕುಖ್ಯಾತವಾಗಿತ್ತು. ಸಾವಿರಾರು ಮನೆಗಳ ಕಲ್ಲಿದ್ದಲಿನ ಒಲೆಗಳೇ ಅದಕ್ಕೆ ಮುಖ್ಯ ಕಾರಣ. 2019ರ ಸೆಪ್ಟೆಂಬರಿನಿಂದ ಅಲ್ಲಿ ಮನೆಗಳಲ್ಲಿ ಕಲ್ಲಿದ್ದಲು, ಸೌದೆ ಉರಿಸುವುದನ್ನು ನಿಷೇಧಿಸಿದರು. ಅದಕ್ಕೂ ಮೊದಲೇ ಒಲೆ ಬದಲಾಯಿಸಲು ಜನರಿಗೆ ಹಣದ ನೆರವು ಕೊಟ್ಟು ಊರೊಟ್ಟಿನ ಕೊಳವೆಗೂ ಗ್ಯಾಸಿಗೂ ಸೇರಿಸಿದರು. ಆ ಕೊಳವೆಯ ಶಾಖ ಅಲ್ಲಿ ಹೆಚ್ಚಾಗಿ ಕಲ್ಲಿದ್ದಲಿನದ್ದೇ ಎಂಬುದು ನಿಜ. ಆದರೂ ಎತ್ತರದ ಚಿಮಣಿ, ಸೋಸುಗ ಇರುವ ಒಂದು ಒಲೆಯ ಮೇಲೆ ಕಣ್ಣಿಡುವುದು ಸಾವಿರ ಒಲೆಗಳ ಮೇಲೆ ಕಣ್ಣಿಡುವುದಕ್ಕಿಂತ ಸುಲಭ. ಹೊಗೆಯಲ್ಲಿನ ನವಿರು ಕಣಗಳು ಶ್ವಾಸಕೋಶದ ಆಳಕ್ಕಿಳಿದು ದಮ್ಮು, ಹೃದ್ರೋಗ ತರುತ್ತವೆ. ಇದಕ್ಕೆ ಪೋಲೆಂಡಿನ ಕಲ್ಲಿದ್ದಲೂ ಒಂದೇ, ನಮ್ಮ ಬಚ್ಚಲಿನ ತೆಂಗಿನ ಸಿಪ್ಪೆಯೂ ಒಂದೇ.

ನಮಗೆ ಮನೆ ಬೆಚ್ಚಗಿಡುವ ಹಂಗಿಲ್ಲ. ಆದರೆ ಈ ಪತ್ರಿಕೆ ನೀಲಗಿರಿಗೂ ವಯನಾಡಿಗೂ ಹೋಗುತ್ತದೆ. ಅಲ್ಲಿ ಚಳಿಯ ರಾತ್ರಿ ಕೆಂಡದ ಬಾಣಲೆಯನ್ನು ಕೋಣೆಯೊಳಗಿಟ್ಟು ಬಾಗಿಲು ಕಿಟಕಿ ಮುಚ್ಚಿ ಮಲಗುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಕೆಂಡದಿಂದ ಕಾರ್ಬನ್ ಮೊನಾಕ್ಸೈಡ್ ಎಂಬ ಅನಿಲ ಬರುತ್ತದೆ. ಅದಕ್ಕೆ ವಾಸನೆಯಿಲ್ಲ, ಬಣ್ಣವಿಲ್ಲ. ಮಲಗಿದವರು ಏಳುವುದೇ ಇಲ್ಲ. ತಲೆನೋವು, ವಾಕರಿಕೆ, ತಲೆಸುತ್ತು ಬಂದರೆ ಕೂಡಲೇ ಹೊರಗಿನ ಗಾಳಿಗೆ ಬಂದು ಆಸ್ಪತ್ರೆಗೆ ಹೋಗಬೇಕು.

ಊರೊಟ್ಟಿನ ಒಲೆಯ ಸಣ್ಣ ರೂಪ ನಮ್ಮಲ್ಲೂ ಇದೆ. ಬೋರ್ಡಿಂಗ್ ಶಾಲೆ, ಕಾನ್ವೆಂಟ್, ಆಸ್ಪತ್ರೆಗಳಲ್ಲಿ ತಾರಸಿಯ ಮೇಲೆ ಸೋಲಾರ್ ಹೀಟರುಗಳ ಸಾಲು, ಒಂದು ದೊಡ್ಡ ಟ್ಯಾಂಕಿ, ಅಲ್ಲಿಂದ ಎಲ್ಲ ಕೋಣೆಗಳಿಗೆ ಕೊಳವೆ. ಇದನ್ನು ನಡೆಸುವವರಿಗೆ ಎರಡು ಮಾತು. ಟ್ಯಾಂಕಿಯಿಂದ ಹೊರಡುವ ಕೊಳವೆಗೆ ಹೊದಿಕೆ ಸುತ್ತಿಸಿ. ಬರಿಯ ಕೊಳವೆಯಲ್ಲಿ ದೂರ ಹೋಗುವಾಗ ಅರ್ಧ ಬಿಸಿ ದಾರಿಯಲ್ಲೇ ಕಳೆದುಹೋಗಿ, ಕೊನೆಯ ಕೋಣೆಯ ಮಕ್ಕಳು ಬಿಸಿನೀರಿಗಾಗಿ ಬಕೆಟ್ಟುಗಟ್ಟಲೆ ತಣ್ಣೀರು ಚೆಲ್ಲಬೇಕಾಗುತ್ತದೆ. ಎರಡನೆಯದು, ಟ್ಯಾಂಕಿಯ ನೀರು ದಿನಗಟ್ಟಲೆ ಉಗುರುಬೆಚ್ಚಗೆ ನಿಲ್ಲಲು ಬಿಡಬೇಡಿ. 20ರಿಂದ 45 ಡಿಗ್ರಿಯ ನಡುವೆ ಲೀಜಿಯೊನೆಲ್ಲಾ ಎಂಬ ರೋಗಾಣು ಬೆಳೆಯುತ್ತದೆ. ಶವರಿನ ತುಂತುರಿನ ಜೊತೆ ಅದು ಉಸಿರಿಗೆ ಸೇರಿದರೆ ಒಂದು ಬಗೆಯ ನ್ಯುಮೋನಿಯಾ ಬರುತ್ತದೆ. ವಯಸ್ಸಾದವರಿಗೂ ರೋಗಿಗಳಿಗೂ ಅಪಾಯ ಹೆಚ್ಚು. ಟ್ಯಾಂಕಿಯ ನೀರು 60 ಡಿಗ್ರಿಗೆ ಏರುವಂತೆ ನೋಡಿಕೊಂಡರೆ ಅದು ಸಾಯುತ್ತದೆ. ಮೋಡದ ದಿನಗಳಲ್ಲಿ ಟ್ಯಾಂಕಿಯೊಳಗಿನ ವಿದ್ಯುತ್ ಕಾಯಿಲನ್ನು ಹಾಕಿಯಾದರೂ ಅಷ್ಟು ಕಾಯಿಸಬೇಕು. ಅಷ್ಟು ಬಿಸಿನೀರು ಮೈ ಸುಡುತ್ತದೆ, ಆದ್ದರಿಂದ ನಲ್ಲಿಯ ಬಳಿ ತಣ್ಣೀರು ಬೆರೆಯುವ ವ್ಯವಸ್ಥೆ ಇರಲಿ. ಮಳೆಗಾಲದ ರಜೆ ಮುಗಿದು ಹಾಸ್ಟೆಲ್ ತೆರೆಯುವಾಗ ಹಳೆಯ ನೀರನ್ನು ಪೂರ್ತಿ ಹರಿಯಬಿಟ್ಟು, ಟ್ಯಾಂಕಿ ತೊಳೆಸಿ, ಹೊಸ ನೀರು ಕಾಯಿಸಿದ ಮೇಲೆಯೇ ಮಕ್ಕಳನ್ನು ಸ್ನಾನಕ್ಕೆ ಕಳಿಸಿ.